ತಲೆಯಾಡಿಸುವುದೇ ಉತ್ತರವಲ್ಲ

ಪಾಠ ಮುಗಿಸಿ “ಅರ್ಥವಾಯಿತೇ?” ಎಂದು ಕೇಳಿದೊಡನೆ ಮಕ್ಕಳೆಲ್ಲರೂ ತಲೆಯಾಡಿಸುತ್ತಾರೆ. ಅದೇ ದಿನ ಅಪರಾಹ್ಣ, ಮಲಯಾಳದಲ್ಲಿ ನಡೆಯುವ ಅಧ್ಯಾಪಕರ ಸಭೆಯಲ್ಲಿ ಹೊಸ ಸೂಚನೆಯನ್ನು ಕೇಳಿ ನಾವೂ ತಲೆಯಾಡಿಸುತ್ತೇವೆ. ಎರಡು ಕಡೆಯೂ ಅದರ ಅರ್ಥ ಒಂದೇ ಆಗಿರಬಹುದು: ಕೇಳಿಸಿತು, ಆದರೆ ತಿಳಿಯಲಿಲ್ಲವೆಂದು ಹೇಳಲು ಸಂಕೋಚ. ಕಾಸರಗೋಡಿನಂತಹ ಪ್ರದೇಶದ ಕನ್ನಡ ಅಧ್ಯಾಪಕರು ಆಂಗಿಕ ಭಾಷೆಯನ್ನು ಕುರಿತು ಆಲೋಚಿಸಬೇಕಾದುದು ಇಲ್ಲಿಂದಲೇ.

ಸಂವಹನದಲ್ಲಿ ಮಾತಿನ ಪಾಲು ಶೇಕಡಾ 7, ಧ್ವನಿಯದು 38, ಮುಖಭಾವದ್ದು 55 ಎಂಬ ಲೆಕ್ಕವನ್ನು ತರಬೇತಿಗಳಲ್ಲಿ ಕೇಳಿರುತ್ತೇವೆ. ಇದರ ಮೂಲ 1967ರಲ್ಲಿ ಪ್ರಕಟವಾದ ಆಲ್ಬರ್ಟ್ ಮೆಹ್ರಾಬಿಯನ್ನರ ಪ್ರಯೋಗಗಳು. ಅವು ಪರಿಶೀಲಿಸಿದ್ದು ಇಷ್ಟಾನಿಷ್ಟಗಳಂತಹ ಭಾವನೆಗಳ ಅಭಿವ್ಯಕ್ತಿಯನ್ನು ಮಾತ್ರ. ಗಣಿತದ ಪಾಠಕ್ಕಾಗಲಿ ಇಲಾಖೆಯ ಸುತ್ತೋಲೆಗಾಗಲಿ ಆ ಲೆಕ್ಕ ಅನ್ವಯಿಸದು. ವಿಷಯವನ್ನು ತಲುಪಿಸುವುದು ಮಾತೇ. ಮಾತನಾಡಲು ಧೈರ್ಯ ಕೊಡುವುದು ಮುಖಭಾವ ಮತ್ತು ನಿಲುವು.

ಅಂಗಚೇಷ್ಟೆಗಳಿಗೆ ನಿಶ್ಚಿತವಾದ ಒಂದೇ ಅರ್ಥವಿಲ್ಲ. ನಮ್ಮಲ್ಲಿ ತಲೆಯನ್ನು ಪಕ್ಕಕ್ಕೆ ವಾಲಿಸುವುದು ಒಪ್ಪಿಗೆಯೂ ಹೌದು, ಬರಿಯ ಗೌರವವೂ ಹೌದು. ದೃಷ್ಟಿ ತಗ್ಗಿಸಿದ ಮಗು ತಪ್ಪು ಮಾಡಿದೆಯೆಂದೇ ಅಲ್ಲ. ಅದು ಹಿರಿಯರೆದುರು ಕಲಿತ ವಿನಯವಾಗಿರಬಹುದು. ಆದುದರಿಂದ ಚೇಷ್ಟೆಯನ್ನು ಸೂಚನೆಯೆಂದು ಗಮನಿಸಿ, ಅದರ ಅರ್ಥವನ್ನು ಮಾತಿನಿಂದ ದೃಢಪಡಿಸಿಕೊಳ್ಳಬೇಕು.

ತರಗತಿಯಲ್ಲಿ ಇದಕ್ಕೆ ಸರಳವಾದ ಉಪಾಯವಿದೆ. ಪ್ರಶ್ನೆ ಕೇಳಿದ ಅಧ್ಯಾಪಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟು ಕಾಲ ಮಾತ್ರ ಕಾಯುತ್ತಾರೆಂಬುದನ್ನು 1970ರ ದಶಕದಲ್ಲಿ ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ತೋರಿಸಿಕೊಟ್ಟರು. ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾದಾಗ ಉತ್ತರಗಳು ದೀರ್ಘವಾದವು; ಹೆಚ್ಚು ಮಕ್ಕಳು ತಾವಾಗಿಯೇ ಮಾತನಾಡಿದರು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಮರಾಠಿಯನ್ನಾಡಿ ಶಾಲೆಯಲ್ಲಿ ಕನ್ನಡದಲ್ಲಿ ಕಲಿಯುವ ಮಗುವಿಗೆ ಈ ಬಿಡುವು ಇನ್ನಷ್ಟು ಅಗತ್ಯ. ಆಗ ಗಡಿಯಾರವನ್ನು ನೋಡದೆ, ಬೋರ್ಡಿನ ಕಡೆಗೆ ತಿರುಗದೆ, ಮಗುವಿನ ಕಡೆಗೆ ಶಾಂತವಾಗಿ ನೋಡುತ್ತ ನಿಲ್ಲಬೇಕು. “ಅರ್ಥವಾಯಿತೇ?” ಎನ್ನುವ ಬದಲು “ನಿನ್ನ ಮಾತಿನಲ್ಲಿ ಹೇಳು” ಎನ್ನಬೇಕು.

ಇದೇ ಶಿಸ್ತು ಸಭೆಯಲ್ಲಿ ನಮಗೂ ಬೇಕು. ಕನ್ನಡ ಮತ್ತು ಮಲಯಾಳಗಳಿಗೆ ಸಮಾನವಾದ ಪದಗಳು ಬಹಳ; ಅಪಾಯವೂ ಅಲ್ಲಿಯೇ ಇದೆ. ನಮಗೆ ‘ಅವಧಿ’ ಎಂದರೆ ಕಾಲಮಿತಿ ಅಥವಾ ಪೀರಿಯಡ್. ಮಲಯಾಳದ ಶಾಲಾ ಬಳಕೆಯಲ್ಲಿ ಅದು ರಜೆ. ಪರಿಚಿತ ಪದ ಕಿವಿಗೆ ಬಿದ್ದೊಡನೆ ತಲೆಯಾಡುತ್ತದೆ, ಅರ್ಥ ಮಾತ್ರ ಬೇರೆಯಾಗಿರುತ್ತದೆ. ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತ ಮೌನವನ್ನು ಸಹೋದ್ಯೋಗಿಗಳು ಅಸಹಕಾರವೆಂದೂ ಭಾವಿಸಬಹುದು. ಮುಂದೆ ಕುಳಿತು, ಬರೆದುಕೊಂಡು, ಕೈಯೆತ್ತಿ, “ನಾನು ತಿಳಿದುಕೊಂಡದ್ದು ಹೀಗೆ, ಸರಿಯೇ?” ಎಂದು ತಿಳಿದ ಭಾಷೆಯಲ್ಲಿ ಕೇಳುವುದು ಕೊರತೆಯ ಲಕ್ಷಣವಲ್ಲ, ಕರ್ತವ್ಯ. ಆಗಲೂ ಸ್ಪಷ್ಟವಾಗದಿದ್ದರೆ ಲಿಖಿತ ರೂಪದಲ್ಲಿ ಕೇಳಬೇಕು. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನೀಡಿದೆ.

ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನಾಂಕವನ್ನು ನಾವು ತಪ್ಪಾಗಿ ತಿಳಿದರೆ ನಷ್ಟವಾಗುವುದು ನಮಗಲ್ಲ, ಮಗುವಿಗೆ. ಅಲ್ಲದೆ, ತಿಳಿಯದುದನ್ನು ಕೇಳಲು ಅಂಜದ ಅಧ್ಯಾಪಕರ ಎದುರಿನಲ್ಲಿಯೇ ಮಗುವೂ “ಟೀಚರ್, ತಿಳಿಯಲಿಲ್ಲ” ಎಂದು ಹೇಳಲು ಕಲಿಯುತ್ತದೆ.