ಲಚ್ಯಾಣ ಸೀಮೆಯ ವಂಶಾವಳಿ: ಹೆಳವರು, ಪಹಣಿ, ಗಣಕಯಂತ್ರ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣವೂ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳೂ ಸೇರಿದ ಸೀಮೆಯಲ್ಲಿ ಮನೆತನದ ಚರಿತ್ರೆಯನ್ನು ಅರಸುವವರಿಗೆ ಮುಖ್ಯವಾಗಿ ಎರಡು ಆಧಾರಗಳಿವೆ: ಹೆಳವರ ಹೊತ್ತಿಗೆ ಮತ್ತು ಕಂದಾಯ ದಫ್ತರ. ಹೆಳವರೆಂದರೆ ವಂಶಾವಳಿಯನ್ನು ಬರೆದಿಡುವುದನ್ನೂ ಹೇಳುವುದನ್ನೂ ಕುಲವೃತ್ತಿಯಾಗಿ ಉಳ್ಳ ಅಲೆಮಾರಿ ಸಮುದಾಯ. ಕಾಲುಗಳನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಎತ್ತಿನ ಮೇಲೆ ಬರುತ್ತಿದ್ದ ಇವರನ್ನು ಎಡ್ಗರ್ ಥರ್ಸ್ಟನ್ 1909ರ ತನ್ನ ಗ್ರಂಥಮಾಲೆಯಲ್ಲಿ ಊರುಗಳ ಚರಿತ್ರೆಯನ್ನು ಕಾಯುವವರೆಂದು ಗುರುತಿಸಿದ್ದಾನೆ. ಮನೆಗೆ ಬಂದ ಹೆಳವರು ಮೂಲ ಊರು, ವಲಸೆಯ ಕಾರಣ, ಬೆಡಗು, ಅಂದರೆ ಒಂದೇ ಮೂಲದವರೆಂದು ಭಾವಿಸಿ ತಮ್ಮೊಳಗೆ ಮದುವೆಯಾಗದ ಮನೆತನಗಳ ಗುಂಪು, ಇವನ್ನೆಲ್ಲ ಓದಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳುಕಡಿ, ಬಟ್ಟೆ, ಕಾಣಿಕೆ ಪಡೆದು ಮುಂದಿನ ಊರಿಗೆ ಹೋಗುವುದು ವಾಡಿಕೆ.

ಕಂದಾಯ ದಫ್ತರದ ದಾರಿ ಬೇರೆ. 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿದ್ದ ಈ ಜಿಲ್ಲೆಗೆ 1903ರ ಹಕ್ಕುದಾಖಲೆ ಕಾಯ್ದೆ ಅನ್ವಯಿಸುತ್ತಿದ್ದುದರಿಂದ, ಜಮೀನಿನ ಒಡೆಯ ತೀರಿಕೊಂಡಾಗ ವಾರಸುದಾರರ ಹೆಸರು ದಾಖಲಿಸುವ 'ವಾರಸಾ' ನಮೂದುಗಳು ತಲೆಮಾರುಗಳ ಸರಪಳಿಯನ್ನೇ ಒದಗಿಸುತ್ತವೆ. 2000ದ ಸುಮಾರಿಗೆ ಬಂದ 'ಭೂಮಿ' ಯೋಜನೆ ಪಹಣಿಗಳನ್ನು ಗಣಕಕ್ಕೆ ತಂದಿತು. ತಹಶೀಲ್ದಾರ ಕಚೇರಿಗಳ ಹಳೆಯ ಕಾಗದಗಳನ್ನು 'ಭೂ ಸುರಕ್ಷಾ' ಯೋಜನೆಯಲ್ಲಿ ಸ್ಕ್ಯಾನ್ ಮಾಡಲಾಗುತ್ತಿದೆ. ಆದರೆ ದಫ್ತರ ಸರ್ವೆ ನಂಬರಿನ ಕ್ರಮದಲ್ಲಿದೆಯೇ ಹೊರತು ಮುತ್ತಜ್ಜನ ಹೆಸರಿನ ಕ್ರಮದಲ್ಲಿ ಅಲ್ಲ. ಹೊಲದ ನಂಬರು, ಹಿಸ್ಸಾ ತಿಳಿಯದವರಿಗೆ ಅದು ಹೆಚ್ಚೇನೂ ಕೊಡುವುದಿಲ್ಲ. ಮರಾಠಾ ಆಳ್ವಿಕೆಯ ಕಾಗದಗಳಿಗೆ ಇಳಿದರೆ ಮರಾಠಿಯ ಓಟದ ಬರಹವಾದ ಮೋಡಿಯನ್ನು ಓದಬಲ್ಲವರೂ ಬೇಕು.

ಗಣಕ ಎಡವುವುದು ಹೆಸರಿನಲ್ಲಿ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ಸಿದ್ದಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಸಿದ್ದಪ್ಪ ಎಂದು ಹೆಸರುಗಳು ಮರುಕಳಿಸುತ್ತವೆ. ವಂಶವೃಕ್ಷದ ತಂತ್ರಾಂಶವು ಅಜ್ಜ ಮೊಮ್ಮಕ್ಕಳನ್ನು ಒಬ್ಬನೇ ವ್ಯಕ್ತಿಯೆಂದು ಬೆಸೆಯಲು ಸೂಚಿಸಿದರೆ ಅಚ್ಚರಿಯಿಲ್ಲ. ಕಾಲದ ಲೆಕ್ಕವೂ ಹೀಗೆಯೇ: 60 ವರ್ಷಕ್ಕೊಮ್ಮೆ ತಿರುಗಿ ಬರುವ ಸಂವತ್ಸರದಲ್ಲಿ 'ಧಾತು' ಎಂದರೆ 1816, 1876, 1936 ಮೂರೂ ಆಗಬಹುದು. ಆದರೆ ಅದೇ ನಮೂದಿನಲ್ಲಿ ಬರದಿಂದ ಊರು ಬಿಟ್ಟ ಮಾತಿದ್ದರೆ, ಈ ಭಾಗವನ್ನು ಹಣ್ಣುಮಾಡಿದ 1876–78ರ ಕ್ಷಾಮದ ಕಡೆಗೆ ಅದು ಬೆರಳು ತೋರಿಸುತ್ತದೆ. ಇಂಥ ತೀರ್ಮಾನ ಯಂತ್ರಕ್ಕಿಂತ ಚರಿತ್ರೆ ಬಲ್ಲ ಮನುಷ್ಯನಿಗೆ ಸುಲಭ. ಅಡ್ಡಹೆಸರುಗಳೂ ಸುಳಿವು ಕೊಡುತ್ತವೆ: ಬಾಗೇವಾಡಿ, ಸಿಂದಗಿ, ಇಂಡಿ ಎಂಬ ಅಡ್ಡಹೆಸರಿನವರು ಬಹುಮಟ್ಟಿಗೆ ಆ ಊರುಗಳನ್ನು ಬಿಟ್ಟು ಬಂದವರೇ, ಏಕೆಂದರೆ ಊರಲ್ಲೇ ಉಳಿದವರಿಗೆ ಊರಿನ ಹೆಸರು ಗುರುತಾಗುವುದಿಲ್ಲ. 1884ರಲ್ಲಿ ಹೋಟಗಿ–ಗದಗ ರೈಲುಮಾರ್ಗ ಮುಗಿದ ಮೇಲೆ ಸೊಲ್ಲಾಪುರದ ಗಿರಣಿಗಳೂ ಹತ್ತಿರವಾದವು. ಆದ್ದರಿಂದ ಲಚ್ಯಾಣದ ಕಡೆಯ ಕವಲೊಂದು ಮಹಾರಾಷ್ಟ್ರದ ಕಾಗದಗಳಲ್ಲಿ ಸಿಗುವ ಸಂಭವವನ್ನು ಮರೆಯಬಾರದು.

ದಫ್ತರದ ದೊಡ್ಡ ಕೊರತೆ ಅದು ಹೊಲವುಳ್ಳವರ ಚರಿತ್ರೆ ಎಂಬುದು. ಭೂಮಿಯಿಲ್ಲದವರೂ, ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣುಮಕ್ಕಳೂ ಅಲ್ಲಿ ಅಪರೂಪ. ಶಾಲೆಯ ದಾಖಲಾತಿ ಪುಸ್ತಕ, ಮತದಾರರ ಪಟ್ಟಿ, 1969ರ ಕಾಯ್ದೆಯಡಿಯ ಜನನ ಮರಣ ನೋಂದಣಿ ಈ ಅಂತರವನ್ನು ಒಂದಿಷ್ಟು ತುಂಬಿದರೂ ತವರಿನ ಕಡೆಯ ಸಂಬಂಧಗಳು ತಿಳಿಯುವುದು ಮನೆಯ ಹಿರಿಯ ಹೆಂಗಸರ ನೆನಪಿನಿಂದಲೇ. ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗವಾದ, ಎಲ್ಲಕ್ಕಿಂತ ತುರ್ತಾದ ತಂತ್ರಜ್ಞಾನ.

ಯಾತ್ರಿಕರ ವಂಶಾವಳಿಯನ್ನು ಬರೆದಿಡುವ ಹರಿದ್ವಾರದ ತೀರ್ಥಪುರೋಹಿತರಾದ ಪಂಡಾಗಳ ವಹಿಗಳನ್ನು ಅಮೆರಿಕದ ಯೂಟಾ ವಂಶಾವಳಿ ಸಂಘ 1970ರ ದಶಕದಿಂದ ಮೈಕ್ರೋಫಿಲ್ಮಿಗೆ ಇಳಿಸಿತು. ಹೆಳವರ ಹೊತ್ತಿಗೆಗಳಿಗೆ ಹಾಗೆ ಮಾಡುವುದು ಅಷ್ಟು ಸುಲಭವಲ್ಲ: ಪಂಡಾಗಳು ಒಂದೆಡೆ ಕೂತಿರುತ್ತಾರೆ, ಹೆಳವರು ತಿರುಗುತ್ತಿರುತ್ತಾರೆ. ಮೇಲಾಗಿ ಹೊತ್ತಿಗೆಯೇ ಹೆಳವರ ಆಸ್ತಿ, ಅನ್ನ ಎರಡೂ ಆಗಿರುವುದರಿಂದ ಒಪ್ಪಿಗೆಯಿಲ್ಲದೆ ಪುಟಗಳ ಚಿತ್ರ ತೆಗೆಯುವುದು ಸಲ್ಲದು. ಪ್ರತಿ ಮಾಡಿಕೊಂಡ ಮನೆತನದವರು ಮುಂದಿನ ಸುಗ್ಗಿಯಲ್ಲೂ ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸಬೇಕು.