ಮೇಜಿನ ಮೇಲಣ ಕುರುಕ್ಷೇತ್ರ

ಕ್ರೀಡೆಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಆಟದ ಬಯಲು. ಮೈ ಬೆವರಿಸುವ ಆಟಗಳ ಪ್ರಯೋಜನವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಣ್ಣು, ಕೈ, ಬುದ್ಧಿ ಈ ಮೂರನ್ನೂ ಏಕಕಾಲದಲ್ಲಿ ದುಡಿಸಿಕೊಳ್ಳುವ ಒಳಾಂಗಣದ ಆಟಗಳೂ ಲೋಕದಲ್ಲುಂಟು. ಬೆರಳುದ್ದದ ಸೈನಿಕರ ಪ್ರತಿಕೃತಿಗಳನ್ನು ತಾವೇ ಜೋಡಿಸಿ, ಬಣ್ಣ ಬಳಿದು, ಮೇಜಿನ ಮೇಲೆ ಬೆಟ್ಟ, ಹಳ್ಳ, ಊರು, ಕೇರಿಗಳನ್ನು ರಚಿಸಿ, ಅಳತೆಗೋಲು ಮತ್ತು ದಾಳಗಳ ನೆರವಿನಿಂದ ಕಾಳಗವಾಡುವ ಹವ್ಯಾಸ ಅಂಥವುಗಳಲ್ಲೊಂದು. ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಇದು ಬಾಲಕರ ಆಟ ಮಾತ್ರವಲ್ಲ. ಪ್ರಾಯಸ್ಥರೂ ತಮ್ಮ ಬಿಡುವಿನ ಸಂಜೆಗಳನ್ನು ಇದಕ್ಕೆ ಮೀಸಲಿಡುವುದುಂಟು. ಅಲ್ಲಿಯವರು ಇದನ್ನು ‘ವಾರ್‌ಗೇಮ್’ ಎನ್ನುತ್ತಾರೆ. ನಾವು ಸಮರಕ್ರೀಡೆಯೆಂದು ಕರೆಯಬಹುದು.

ದಯೆಯನ್ನೇ ಮೊದಲ ಪಾಠವಾಗಿ ಕಲಿಸುವ ಶ್ರೀಮಠದ ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ಯುದ್ಧದ ಆಟವನ್ನು ಕುರಿತು ಬರೆಯುವುದು ಉಚಿತವೇ ಎಂಬ ಶಂಕೆ ಮೂಡುವುದು ಸಹಜ. ಮಕ್ಕಳ ಕೈಗೆ ಸೈನಿಕರ ಗೊಂಬೆಗಳನ್ನು ಕೊಡಬಹುದೇ, ಕೂಡದೇ? ಈ ಪ್ರಶ್ನೆಗೆ ಉತ್ತರವನ್ನು ಆ ಕ್ರೀಡೆಯ ಚರಿತ್ರೆಯಲ್ಲಿಯೇ ಅರಸುವುದು ಯುಕ್ತವೆಂದು ತೋರುತ್ತದೆ.

ಈ ಕ್ರೀಡೆಯ ತಾಯಿಬೇರು ನಮ್ಮ ನಾಡಿನದು. ಚತುರಂಗವೆಂದರೆ ನಾಲ್ಕು ಅಂಗಗಳುಳ್ಳ ಸೇನೆ: ರಥ, ಗಜ, ತುರಗ, ಪದಾತಿ. ಸೇನೆಯ ಈ ಹೆಸರೇ ಮಣೆಯಾಟದ ಹೆಸರೂ ಆಯಿತು. ಅದು ಭಾರತದಿಂದ ಪಾರಸೀಕ ದೇಶಕ್ಕೂ, ಅಲ್ಲಿಂದ ಅರಬರ ಮೂಲಕ ಯುರೋಪಿಗೂ ಹೋಯಿತು. ಕಲ್ಯಾಣವು ಶರಣರ ಕಾರ್ಯಕ್ಷೇತ್ರವಾಗುವುದಕ್ಕೆ ಕೆಲವೇ ದಶಕಗಳ ಮುನ್ನ ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ವಿವರಿಸುವಾಗ ಚತುರಂಗಕ್ಕೂ ಎಡೆಗೊಟ್ಟಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚತುರಂಗದ ಕುದುರೆಯನ್ನು ಒಂದೊಂದು ಮನೆಯಲ್ಲಿ ಒಮ್ಮೆ ಮಾತ್ರ ಇರಿಸುತ್ತ ಅರುವತ್ತನಾಲ್ಕು ಮನೆಗಳನ್ನೂ ಸುತ್ತಿಸುವ ಬಂಧಗಳನ್ನು ರಚಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೆಂಬ ಭಾಗವನ್ನು ಆಟಗಳಿಗೇ ಮೀಸಲಿಟ್ಟರು.

ಚತುರಂಗವು ಬುದ್ಧಿಗೆ ಸಾಣೆಯಾದರೂ ಯುದ್ಧದ ನಿಜಚಿತ್ರವಲ್ಲ. ಅಲ್ಲಿ ಎರಡೂ ಪಕ್ಷಗಳು ಸಮಬಲದವು, ಭೂಮಿ ಸಮತಟ್ಟು, ಎದುರಾಳಿಯ ಕಾಯಿಗಳೆಲ್ಲ ಕಣ್ಣಿಗೆ ಕಾಣುತ್ತವೆ, ದೈವಯೋಗಕ್ಕೆ ಅವಕಾಶವೇ ಇಲ್ಲ. ನಮ್ಮ ಹಳ್ಳಿಯ ಜಗುಲಿಗಳ ಮೇಲೆ ಕೊರೆದ ಹುಲಿ-ಕುರಿಯಾಟದಲ್ಲಿ ಕೆಲವೇ ಹುಲಿಗಳಿಗೆ ಅನೇಕ ಕುರಿಗಳು ಎದುರಾಗುವುದರಿಂದ ವಿಷಮಬಲದ ಹೋರಾಟವೊಂದು ಕಾಣುತ್ತದೆ. ಆದರೆ ಉಳಿದ ಮೂರು ಕೊರತೆಗಳು ಅಲ್ಲಿಯೂ ಉಳಿಯುತ್ತವೆ.

ಈ ಕೊರತೆಗಳನ್ನು ನೀಗಲು ಯತ್ನಿಸಿದವರು ಜರ್ಮನರು. ಬ್ರನ್ಸ್‌ವಿಕ್ ಆಸ್ಥಾನದ ಬಾಲಕರಿಗೆ ಪಾಠ ಹೇಳುತ್ತಿದ್ದ ಹೆಲ್ವಿಗ್ ಎಂಬ ಉಪಾಧ್ಯಾಯನು ೧೭೮೦ರಲ್ಲಿ ಚತುರಂಗದ ಮಣೆಯನ್ನು ಸಾವಿರಕ್ಕೂ ಮಿಕ್ಕ ಮನೆಗಳಿಗೆ ವಿಸ್ತರಿಸಿ, ಬೆಟ್ಟ, ಜೌಗು, ನೀರುಗಳನ್ನು ಬೇರೆಬೇರೆ ಬಣ್ಣಗಳಿಂದ ಸೂಚಿಸಿದನು. ಒಬ್ಬ ಉಪಾಧ್ಯಾಯನಿಂದ ಈ ಸುಧಾರಣೆ ನಡೆಯಿತೆಂಬುದು ನಮಗೆ ಸಂತೋಷದ ಸಂಗತಿ. ಮುಂದೆ ಪ್ರಷ್ಯದ ಫಾನ್ ರೈಸ್ವಿಟ್ಸ್ ಎಂಬ ಅಧಿಕಾರಿಯು ಮನೆಗಳನ್ನೇ ಕೈಬಿಟ್ಟು, ಉಬ್ಬುತಗ್ಗುಗಳುಳ್ಳ ನೆಲದ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ ಆಡುವ ಕ್ರಮವನ್ನು ಕಲ್ಪಿಸಿ, ೧೮೧೨ರಲ್ಲಿ ಅದನ್ನು ತನ್ನ ದೊರೆಗೆ ಒಪ್ಪಿಸಿದನು. ಅವನ ಮಗ, ಫಿರಂಗಿದಳದ ಯುವ ಅಧಿಕಾರಿ, ೧೮೨೪ರಲ್ಲಿ ಅದನ್ನು ಪರಿಷ್ಕರಿಸಿ ಪ್ರಕಟಿಸಿದನು. ಸೇನಾ ಮುಖ್ಯಾಲಯದ ಅಧಿಪತಿ ಮ್ಯೂಫ್ಲಿಂಗ್ ಅದನ್ನು ಕಣ್ಣಾರೆ ಕಂಡು ಇಡೀ ಸೈನ್ಯಕ್ಕೆ ಶಿಫಾರಸು ಮಾಡಿದನು.

ಈ ಪರಿಷ್ಕಾರದಲ್ಲಿ ಎರಡು ಅಂಶಗಳು ಗಮನಾರ್ಹವಾದವು. ಮೊದಲನೆಯದು ಮಧ್ಯಸ್ಥನ ಸ್ಥಾನ. ಇಬ್ಬರು ಆಟಗಾರರೂ ತಮ್ಮ ಆಜ್ಞೆಗಳನ್ನು ಬರೆದು ಮಧ್ಯಸ್ಥನಿಗೆ ಒಪ್ಪಿಸಬೇಕು. ಶತ್ರುಸೈನ್ಯದ ಎಷ್ಟು ಭಾಗ ಒಬ್ಬನ ಕಣ್ಣಿಗೆ ಬೀಳಲು ಸಾಧ್ಯವೋ ಅಷ್ಟನ್ನು ಮಾತ್ರ ಅವನು ನಕ್ಷೆಯ ಮೇಲೆ ತೋರಿಸುತ್ತಾನೆ. ಬೆಟ್ಟದ ಹಿಂದೆ ಏನಿದೆಯೆಂಬುದನ್ನು ಅರಿಯದೆಯೇ ನಿರ್ಣಯ ಕೈಗೊಳ್ಳಬೇಕಾದ ಸಂಕಟ ಆಟಗಾರನಿಗೆ ತಿಳಿಯುತ್ತದೆ. ಎರಡನೆಯದು ದಾಳದ ಬಳಕೆ. ದಾಳವೆಂದೊಡನೆ ಶಕುನಿಯ ನೆನಪಾಗುವುದು ಸಹಜ. ಆದರೆ ದ್ಯೂತದ ದೋಷವಿರುವುದು ದಾಳದಲ್ಲಿ ಅಲ್ಲ, ಪಣದಲ್ಲಿ. ಇಲ್ಲಿ ಪಣವಿಲ್ಲ. ಗುಂಡು ಗುರಿ ತಪ್ಪಬಹುದು, ಆಜ್ಞೆ ತಡವಾಗಬಹುದು ಎಂಬ ಲೋಕದ ಅನಿಶ್ಚಯವನ್ನು ಸೂಚಿಸಲು ಮಾತ್ರ ದಾಳ ಉರುಳುತ್ತದೆ. ತನ್ನ ಜಾಣ್ಮೆಯೊಂದೇ ಸಾಲದೆಂಬ ವಿನಯವನ್ನು ಅದು ಕಲಿಸುತ್ತದೆ.

ಸೇನಾಧಿಕಾರಿಗಳ ಶಿಕ್ಷಣವಾಗಿದ್ದ ಇದು ಮನೆಮಂದಿಯ ಹವ್ಯಾಸವಾದುದು ಇಂಗ್ಲೆಂಡಿನಲ್ಲಿ. ೧೮೯೩ರಲ್ಲಿ ಬ್ರಿಟನ್ ಎಂಬ ಮನೆತನದವರು ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕಹೊಯ್ಯುವ ವಿಧಾನವನ್ನು ಬಳಕೆಗೆ ತಂದರು. ಲೋಹದ ಉಳಿತಾಯದಿಂದ ಬೆಲೆ ತಗ್ಗಿತು. ಪ್ರಸಿದ್ಧ ಕಾದಂಬರಿಕಾರ ಎಚ್. ಜಿ. ವೆಲ್ಸ್ ಇಂಥ ಸೈನಿಕರನ್ನು ನೆಲದ ಮೇಲೆ ಹರಡಿ, ಮರದ ತುಂಡುಗಳಿಂದ ಮನೆಗಳನ್ನೂ ರೆಂಬೆಗಳಿಂದ ಕಾಡುಗಳನ್ನೂ ರಚಿಸಿ, ಮಿತ್ರರೊಡನೆ ಆಡಿದನು. ೧೯೧೩ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಅದರ ನಿಯಮಗಳನ್ನು ಬರೆದನು. ಒಂದು ಸರದಿಯಲ್ಲಿ ಪದಾತಿಗೆ ಒಂದು ಅಡಿ, ಕುದುರೆಸವಾರನಿಗೆ ಎರಡು ಅಡಿ ನಡೆ. ಸ್ಪ್ರಿಂಗಿನ ಪುಟ್ಟ ಫಿರಂಗಿಯಿಂದ ಮರದ ಗುಂಡು ಹಾರಿಸಿ ಸೈನಿಕರನ್ನು ಕೆಡವಬೇಕು. ಆ ಪುಸ್ತಕದ ಕೊನೆಯ ಭಾಗವಂತೂ ಆಟವನ್ನು ದಾಟಿದ ಮಾತು. ಈ ಪುಟ್ಟ ಯುದ್ಧವನ್ನು ನಾಲ್ಕಾರು ಬಾರಿ ಆಡಿದವನಿಗೆ ದೊಡ್ಡ ಯುದ್ಧವು ಎಷ್ಟು ಎಡವಟ್ಟಿನ, ಎಷ್ಟು ದುಬಾರಿಯ ಕೆಲಸವೆಂಬುದು ಅರಿವಾಗುತ್ತದೆಂದು ವೆಲ್ಸ್ ವಾದಿಸಿದ್ದಾನೆ. ಮರುವರ್ಷವೇ, ೧೯೧೪ರಲ್ಲಿ, ಮೊದಲನೆಯ ಮಹಾಯುದ್ಧ ಸಿಡಿಯಿತು. ಅವನ ಎಚ್ಚರಿಕೆಯನ್ನು ಕೇಳಬೇಕಾದವರು ಕೇಳಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಆಟ ಪ್ರಾಣರಕ್ಷಣೆಗೂ ಒದಗಿತು. ಆಹಾರ, ಇಂಧನಗಳನ್ನು ಹೊತ್ತು ಅಟ್ಲಾಂಟಿಕ್ ಸಾಗರವನ್ನು ದಾಟುತ್ತಿದ್ದ ಬ್ರಿಟನ್ನಿನ ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದವು. ಕ್ಷಯರೋಗದ ಕಾರಣ ನೌಕಾದಳದಿಂದ ನಿವೃತ್ತನಾಗಿದ್ದ ಗಿಲ್ಬರ್ಟ್ ರಾಬರ್ಟ್ಸ್ ಎಂಬ ಅಧಿಕಾರಿಗೆ ೧೯೪೨ರಲ್ಲಿ ಲಿವರ್‌ಪೂಲ್ ನಗರದಲ್ಲಿ ಇದಕ್ಕೆ ಪರಿಹಾರ ಹುಡುಕುವ ಕಾರ್ಯವನ್ನು ವಹಿಸಲಾಯಿತು. ಅವನಿಗೆ ನೆರವಾದವರು ಮಹಿಳಾ ನೌಕಾಸೇವೆಯ ತರುಣಿಯರು. ಕೋಣೆಯ ನೆಲವೇ ಸಾಗರ. ಪುಟ್ಟ ಪ್ರತಿಕೃತಿಗಳೇ ಹಡಗುಗಳು. ಹಡಗುಗಳ ದಾರಿಯನ್ನು ಬಿಳಿಯ ಸೀಮೆಸುಣ್ಣದಿಂದಲೂ ಜಲಾಂತರ್ಗಾಮಿಯ ದಾರಿಯನ್ನು ಹಸಿರು ಸೀಮೆಸುಣ್ಣದಿಂದಲೂ ಗುರುತಿಸುತ್ತಿದ್ದರು. ಬೆಂಗಾವಲು ನೌಕೆಗಳ ಅಧಿಕಾರಿಗಳು ಬಟ್ಟೆಯ ಮರೆಯ ಹಿಂದೆ ನಿಂತು ಕಿರುಕಿಂಡಿಯಿಂದ ನೋಡಬೇಕು. ಅಲ್ಲಿಂದ ಹಸಿರು ಗೆರೆ ಕಾಣದು.

ಹೀಗೆ ಆಡಿ ನೋಡಿದಾಗ, ಜಲಾಂತರ್ಗಾಮಿಯು ದೂರದಿಂದ ಟಾರ್ಪೀಡೊ ಬಿಡುತ್ತಿಲ್ಲ, ಇರುಳಿನಲ್ಲಿ ನೀರಿನ ಮೇಲೆಯೇ ಹಿಂದಿನಿಂದ ಬಂದು ಹಡಗುಗಳ ಸಾಲಿನೊಳಗೇ ನುಸುಳುತ್ತಿದೆ ಎಂಬ ತೀರ್ಮಾನಕ್ಕೆ ರಾಬರ್ಟ್ಸ್ ಬಂದನು. ಶತ್ರು ವ್ಯೂಹವನ್ನು ಹೊಕ್ಕಿದ್ದಾನೆ. ಆದ್ದರಿಂದ ಅವನು ಹೊರಬೀಳುವ ದಾರಿಯನ್ನು ಹುಡುಕಿ ಮುಚ್ಚಬೇಕು. ಚಕ್ರವ್ಯೂಹವನ್ನು ಹೊಕ್ಕು ಹೊರಬರಲರಿಯದ ಅಭಿಮನ್ಯುವಿನ ಕಥೆಯನ್ನು ಬಲ್ಲ ನಮಗೆ ಈ ತರ್ಕ ಸುಲಭವಾಗಿ ತಿಳಿಯುತ್ತದೆ. ಇದರಿಂದ ಹೊಸ ಪ್ರತಿತಂತ್ರ ಸಿದ್ಧವಾಯಿತು. ಯುದ್ಧ ಮುಗಿಯುವುದರೊಳಗೆ ಸುಮಾರು ೫,೦೦೦ ಅಧಿಕಾರಿಗಳು ಆ ನೆಲದ ಮೇಲೆ ತರಬೇತಿ ಪಡೆದರು. ಎಷ್ಟೋ ನಾವಿಕರು ಮನೆಗೆ ಮರಳಲು ಅದು ಕಾರಣವಾಯಿತು. ಮುಳುಗಿದ ಜಲಾಂತರ್ಗಾಮಿಗಳಲ್ಲಿಯೂ ತಾಯಂದಿರ ಮಕ್ಕಳೇ ಇದ್ದರೆಂಬುದನ್ನು ಮಾತ್ರ ಮರೆಯಲಾಗದು.

ಯುದ್ಧಾನಂತರ ಈ ಹವ್ಯಾಸ ಮತ್ತೆ ಮನೆಗೆ ಮರಳಿತು. ಯುದ್ಧದಲ್ಲಿ ಟ್ಯಾಂಕ್ ದಳದ ಯೋಧನಾಗಿದ್ದ ಡೊನಾಲ್ಡ್ ಫೆದರ್‌ಸ್ಟೋನ್ ೧೯೬೨ರಲ್ಲಿ ಬರೆದ ‘ವಾರ್ ಗೇಮ್ಸ್’ ಎಂಬ ಪುಸ್ತಕ ಸಾಮಾನ್ಯರಿಗೆ ದಾರಿ ತೋರಿತು. ಏರ್‌ಫಿಕ್ಸ್ ಮೊದಲಾದ ಕಂಪನಿಗಳು ಪ್ಲಾಸ್ಟಿಕ್ ಬಿಡಿಭಾಗಗಳ ಪೊಟ್ಟಣಗಳನ್ನು ಅಗ್ಗವಾಗಿ ಒದಗಿಸಿದವು. ಇವುಗಳಲ್ಲಿ ಬಹುಬಳಕೆಯದು ೧:೭೨ರ ಪ್ರಮಾಣ. ಆರು ಅಡಿಯ ಆಳು ೭೨ ಅಂಗುಲ. ಈ ಪ್ರಮಾಣದಲ್ಲಿ ಅವನು ಸರಿಯಾಗಿ ಒಂದು ಅಂಗುಲ. ಗಣಿತದ ಉಪಾಧ್ಯಾಯರಿಗೆ ಇದಕ್ಕಿಂತ ಸೊಗಸಾದ ಉದಾಹರಣೆ ದೊರೆಯುವುದು ಕಷ್ಟ.

ಪ್ರತಿಕೃತಿ ನಿರ್ಮಾಣವು ತಾಳ್ಮೆಯ ಕಾಯಕ. ಬಿಡಿಭಾಗಗಳನ್ನು ಚೌಕಟ್ಟಿನಿಂದ ಜೋಪಾನವಾಗಿ ಬೇರ್ಪಡಿಸಬೇಕು. ಅಂಚನ್ನು ಅರದಿಂದ ಉಜ್ಜಿ ನಯಗೊಳಿಸಬೇಕು. ಅಂಟು ಒಣಗುವವರೆಗೆ ಕಾಯಬೇಕು. ಮೊದಲು ತಳಬಣ್ಣ, ಅದರ ಮೇಲೆ ಮೂಲಬಣ್ಣ. ಬಳಿಕ ನೀರಾಗಿಸಿದ ಗಾಢಬಣ್ಣವನ್ನು ಹರಿಸಿದರೆ ಅದು ಮಡಿಕೆಗಳಲ್ಲಿ ನಿಂತು ನೆರಳಾಗುತ್ತದೆ. ಕೊನೆಗೆ ಒಣಕುಂಚದಿಂದ ಉಬ್ಬಿದ ಭಾಗಗಳನ್ನು ತೀಡಿದರೆ ಬೆಳಕು ಮೂಡುತ್ತದೆ. ಕಿನ್ನಾಳದ ಚಿತ್ರಗಾರರ ಕೈಗೆಲಸವನ್ನು ಕಂಡವರಿಗೆ ಈ ಶ್ರದ್ಧೆ ಅಪರಿಚಿತವಲ್ಲ. ಅಂಗಿಯ ಬಣ್ಣ, ಧ್ವಜದ ಚಿಹ್ನೆ ಇವು ಯಾವ ವರ್ಷದವು, ಯಾವ ದಳದವು ಎಂಬುದನ್ನು ಗ್ರಂಥಗಳಿಂದ ಅರಿಯಬೇಕು. ಪಾಠಾಂತರಗಳನ್ನು ತೂಗಿ ಶುದ್ಧಪಾಠವನ್ನು ನಿರ್ಣಯಿಸುವ ಸಂಪಾದಕನ ಶ್ರಮಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಇನ್ನು ಮೊದಲ ಪ್ರಶ್ನೆಗೆ ಬರೋಣ. ಹಲವು ನಿಯಮಾವಳಿಗಳಲ್ಲಿ ಒಂದು ಪ್ರತಿಕೃತಿಯು ಇಪ್ಪತ್ತು ಮಂದಿ ಸೈನಿಕರಿಗೆ ಸಮ. ಮೇಜಿನ ಮೇಲೆ ಹತ್ತು ಗೊಂಬೆಗಳು ಉರುಳಿದವೆಂದರೆ ಇನ್ನೂರು ಮನೆಗಳಲ್ಲಿ ದೀಪ ಆರಿತೆಂದು ಅರ್ಥ. ಈ ಲೆಕ್ಕವನ್ನು ಹೇಳಿಕೊಡದೆ ಆಡಿಸಿದರೆ ಆಟವು ಹಿಂಸೆಯ ವೈಭವೀಕರಣವಾದೀತು. ಹೇಳಿಕೊಟ್ಟು ಆಡಿಸಿದರೆ ಅದೇ ದಯೆಯ ಪಾಠವಾದೀತು. ವೀರರ ಕಥೆಯನ್ನು ಓದುವಾಗ ಗೆಲವಿನ ಘೋಷವಷ್ಟೇ ಕಿವಿಗೆ ಬೀಳುತ್ತದೆ. ತಿಂಗಳುಗಟ್ಟಲೆ ಕುಳಿತು ತನ್ನ ಕೈಯಾರೆ ಬಣ್ಣ ತುಂಬಿದ ಸೈನಿಕನನ್ನು ತನ್ನದೇ ತಪ್ಪು ಆಜ್ಞೆಯಿಂದ ಕಳೆದುಕೊಂಡ ಬಾಲಕನಿಗೆ ಗೆಲವಿನ ಬೆಲೆಯೂ ತಿಳಿಯುತ್ತದೆ. ಸೋಲನ್ನು ಮುಖ ಗಂಟಿಕ್ಕದೆ ಒಪ್ಪುವುದನ್ನೂ ಮಧ್ಯಸ್ಥನ ಮಾತಿಗೆ ತಲೆಬಾಗುವುದನ್ನೂ ಅವನು ಕಲಿಯುತ್ತಾನೆ.

ವೆಚ್ಚದ ಮಾತು ದಾನಿಗಳ ಮನಸ್ಸಿನಲ್ಲಿ ಸುಳಿಯಬಹುದು. ಪರದೇಶದ ಪೊಟ್ಟಣಗಳು ದುಬಾರಿಯೆಂಬುದು ನಿಜ. ಆದರೆ ಅವು ಅನಿವಾರ್ಯವಲ್ಲ. ಒಂದು ಮರಳ ತಟ್ಟೆ, ಕೆರೆಯ ಜೇಡಿಮಣ್ಣು, ರಟ್ಟು, ಬಿದಿರ ಕಡ್ಡಿ, ನಾಲ್ಕು ಬಣ್ಣದ ಡಬ್ಬಿಗಳಿದ್ದರೆ ಆರಂಭಕ್ಕೆ ಸಾಕು. ವಿಷಯಕ್ಕೂ ದೂರ ಹೋಗಬೇಕಾಗಿಲ್ಲ. ಪ್ರಷ್ಯದಲ್ಲಿ ರೈಸ್ವಿಟ್ಸ್‌ನ ಆಟ ಪ್ರಕಟವಾದ ಅದೇ ೧೮೨೪ರಲ್ಲಿ ನಮ್ಮ ಕಿತ್ತೂರಿನ ಕೋಟೆಯ ಮುಂದೆ ನಿಜವಾದ ಕಾಳಗವೇ ನಡೆಯಿತು. ಅಕ್ಟೋಬರ್ ೨೩ರಂದು ರಾಣಿ ಚೆನ್ನಮ್ಮನ ಪಡೆ ಗೆದ್ದಿತು. ಕಲೆಕ್ಟರ್ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ದೊಡ್ಡ ಸೇನೆ ಬಂದು ಮುತ್ತಿದಾಗ ಕೋಟೆ ಬಿದ್ದಿತು. ಮೊದಲ ಬಾರಿ ಗೆದ್ದವರು ಎರಡನೆಯ ಬಾರಿ ಏಕೆ ಸೋತರು? ಕೋಟೆಯ ಬಾಗಿಲು ಎತ್ತ, ಫಿರಂಗಿಗಳು ಎತ್ತ, ನೆರವು ಬರಬಹುದಾದ ದಾರಿ ಯಾವುದು? ವಿದ್ಯಾರ್ಥಿಗಳು ಮಣ್ಣಿನಲ್ಲಿ ಕೋಟೆಯನ್ನು ಕಟ್ಟಿ ಇವನ್ನು ಚರ್ಚಿಸಿದರೆ, ಚರಿತ್ರೆಯ ಪುಸ್ತಕದ ಎರಡು ಸಾಲು ಅವರ ಬುದ್ಧಿಗೆ ನಿಜವಾದ ಆಹಾರವಾದೀತು.

ಶಾಲೆಯಲ್ಲಿ ಒಂದು ಮೂಲೆ, ಒಂದು ಮೇಜು, ಒಂದು ಬೀಗದ ಕಪಾಟು ಇಷ್ಟಕ್ಕೆ ಅವಕಾಶವಾದರೆ ಉಪಾಧ್ಯಾಯರು ಈ ಪ್ರಯೋಗವನ್ನು ಕೈಗೊಳ್ಳಬಹುದು. ಹಳೆಯ ವಿದ್ಯಾರ್ಥಿಗಳಲ್ಲಿ ಕೈಗೆಲಸ ಬಲ್ಲವರು ರಜೆಯ ದಿನಗಳಲ್ಲಿ ಬಂದು ಮಾರ್ಗದರ್ಶನ ಮಾಡಬಹುದು. ಅದೂ ಒಂದು ಬಗೆಯ ದಾಸೋಹವೇ. ಆಟ ಮುಗಿದ ಮೇಲೆ ಬಿದ್ದ ಗೊಂಬೆಗಳನ್ನು ಎತ್ತಿ, ಒರೆಸಿ, ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸುವ ಕೆಲಸ ಮಕ್ಕಳದೇ ಆಗಿರಲಿ. ನಿಜವಾದ ರಣರಂಗದಲ್ಲಿ ಬಿದ್ದವರನ್ನು ಹೀಗೆ ಎತ್ತಿ ನಿಲ್ಲಿಸಲಾಗದೆಂಬ ಒಂದು ಮಾತನ್ನು ಆ ಹೊತ್ತಿನಲ್ಲಿ ಗುರುಗಳು ಹೇಳಿದರೆ ಸಾಕು.