ಸಕ್ಕರೆ ಇಳಿದಾಗ ಎಳನೀರು ಸಾಕೆ?

ಕೆಂಕೆರೆ, ಹುಳಿಯಾರು, ತಿಪಟೂರು, ತುರುವೇಕೆರೆ ಕಡೆಗಳಲ್ಲಿ ಯಾರಾದರೂ ತಲೆ ಸುತ್ತಿ ಕುಳಿತರೆ ಮೊದಲು ಓಡಿ ಬರುವುದು ಎಳನೀರು. ತೋಟ ಕೈಯಳತೆಯಲ್ಲೇ ಇರುತ್ತದೆ. ಕಾಯಿ ಕೆತ್ತಿ ಕೈಗಿಡಲು ಎರಡು ನಿಮಿಷ ಸಾಕು. ಬಿಸಿಲಿಗೆ ಬಳಲಿದವರಿಗೆ ಅದು ಒಳ್ಳೆಯದೇ. ಆದರೆ ಹಾಗೆ ಕುಳಿತವರು ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಾಗಿದ್ದು, ಅವರ ರಕ್ತದ ಸಕ್ಕರೆ ಕುಸಿದಿದ್ದರೆ? ಆಗ ಎಳನೀರು ಸಾಕೆ? ಅಥವಾ ಮನೆಯಲ್ಲಿ ಸದಾ ಇರುವ ಕೊಬ್ಬರಿ-ಬೆಲ್ಲ ಕೊಡಬಹುದೆ?

ಈ ಪ್ರಶ್ನೆ ಸಣ್ಣದಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. 'ಶುಗರ್ ಜಾಸ್ತಿ ಆಗಬಾರದು' ಎಂಬುದು ಈಗ ಎಲ್ಲರಿಗೂ ತಿಳಿದಿದೆ. ಶುಗರ್ ಕಡಿಮೆಯೂ ಆಗಬಾರದು, ಕಡಿಮೆಯಾದರೆ ಅಪಾಯ ಗಂಟೆಗಳಲ್ಲಲ್ಲ, ನಿಮಿಷಗಳಲ್ಲಿ ಬರಬಹುದು ಎಂಬುದು ಅಷ್ಟಾಗಿ ತಿಳಿದಿಲ್ಲ.

ಸಂತೆಯ ದಿನ ಏನಾಗುತ್ತದೆ?

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಅರವತ್ತು ದಾಟಿದ ರೈತರೊಬ್ಬರು ಕೊಬ್ಬರಿ ಚೀಲಗಳೊಡನೆ ತಿಪಟೂರಿನ ಮಾರುಕಟ್ಟೆಗೆ ಹೊರಟಿದ್ದಾರೆ. ವೈದ್ಯರು ಹೇಳಿದಂತೆ ಬೆಳಿಗ್ಗೆ ಮಾತ್ರೆ ನುಂಗಿದ್ದಾರೆ. ತಿಂಡಿಗೆ ಹೊತ್ತಿಲ್ಲ, ದಾರಿಯಲ್ಲಿ ನೋಡಿಕೊಂಡರಾಯಿತು ಎಂದು ಒಂದು ಲೋಟ ಕಾಫಿ ಕುಡಿದು ಹೊರಟುಬಿಟ್ಟರು. ಅಲ್ಲಿ ಚೀಲ ಇಳಿಸುವುದು, ತೂಕ, ಬೆಲೆ ಗೊತ್ತಾಗುವವರೆಗೆ ಕಾಯುವುದು. ಹನ್ನೊಂದೂವರೆ ಹೊತ್ತಿಗೆ ಅಂಗಿ ಬೆವರಿನಲ್ಲಿ ತೊಯ್ದಿದೆ. ಕೈ ನಡುಗುತ್ತಿದೆ. ಕೇಳಿದ ಪ್ರಶ್ನೆಗೆ ತೊದಲು ಉತ್ತರ, ಕಾರಣವಿಲ್ಲದೆ ಸಿಡುಕು. ಪಕ್ಕದವರು ನಗುತ್ತಾ, "ಯಾಕಣ್ಣಾ, ಬೆಳಿಗ್ಗೇನೇ ಏರಿಸ್ಕೊಂಡು ಬಂದ್ಯಾ?" ಎನ್ನುತ್ತಾರೆ.

ಅಣ್ಣ ಕುಡಿದಿಲ್ಲ. ಅವರ ಮಿದುಳಿಗೆ ಸಕ್ಕರೆ ಸಾಲುತ್ತಿಲ್ಲ.

ಒಂದು ಚಮಚದ ಲೆಕ್ಕ

ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಡೆಸಿಲೀಟರಿಗೆ (100 ಮಿಲಿಲೀಟರಿಗೆ) 100 ಮಿಲಿಗ್ರಾಮ್ ಗ್ಲೂಕೋಸ್ ಇದೆ ಎಂದಾದರೆ, ಇಡೀ ರಕ್ತದಲ್ಲಿರುವ ಸಕ್ಕರೆ 5 ಗ್ರಾಮ್, ಅಂದರೆ ಒಂದು ಚಿಕ್ಕ ಚಮಚ! ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಮ್ ಗ್ಲೂಕೋಸ್ ಬೇಕು. ಗಂಟೆಗೆ 5 ಗ್ರಾಮ್. ರಕ್ತದಲ್ಲಿರುವ ದಾಸ್ತಾನು ಮಿದುಳಿಗೆ ಒಂದು ಗಂಟೆಗೂ ಸಾಲುವುದು ಕಷ್ಟ. ಸ್ನಾಯುಗಳು ಕೊಬ್ಬನ್ನು ಉರಿಸಿಯೂ ಕೆಲಸ ನಡೆಸಬಲ್ಲವು. ಮಿದುಳಿಗೆ ಆ ಅನುಕೂಲವಿಲ್ಲ, ತನ್ನದೇ ಆದ ದೊಡ್ಡ ದಾಸ್ತಾನೂ ಇಲ್ಲ.

ಹಾಗಿದ್ದರೂ ಉಪವಾಸವಿದ್ದ ಆರೋಗ್ಯವಂತರು ಕುಸಿದು ಬೀಳುವುದಿಲ್ಲ. ಯಕೃತ್ತು ತನ್ನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊತ್ತು ಹೊತ್ತಿಗೆ ಬಿಡುತ್ತಿರುತ್ತದೆ. ರಕ್ತದ ಸಕ್ಕರೆ ಇಳಿಯತೊಡಗಿದೊಡನೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸ್ರವಿಸುವುದನ್ನು ನಿಲ್ಲಿಸಿ ಗ್ಲುಕಗಾನ್ ಎಂಬ ಹಾರ್ಮೋನನ್ನು ಕಳಿಸುತ್ತದೆ. ಅದು ಯಕೃತ್ತಿಗೆ ಉಗ್ರಾಣ ತೆರೆಯಲು ಬರುವ ಆದೇಶ. ಆದರೆ ಇನ್ಸುಲಿನ್ನನ್ನು ಸೂಜಿಯಿಂದ ಹೊರಗಿನಿಂದ ಕೊಟ್ಟಿದ್ದರೆ ಅದನ್ನು ಹಿಂದಕ್ಕೆ ಪಡೆಯುವ ದಾರಿ ದೇಹಕ್ಕಿಲ್ಲ. ಗ್ಲೈಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಸಲ್ಫೊನೈಲ್‌ಯೂರಿಯ ಮಾತ್ರೆಗಳೂ ಹಾಗೆಯೇ: ನೀವು ಉಂಡಿದ್ದರೂ ಉಣ್ಣದಿದ್ದರೂ ಅವು ಗ್ರಂಥಿಯಿಂದ ಇನ್ಸುಲಿನ್ ಹಿಂಡುತ್ತಲೇ ಇರುತ್ತವೆ.

ಈ ಮಾತ್ರೆಗಳ ಹುಟ್ಟೇ ಒಂದು ಕುಸಿತದಿಂದ ಎಂಬುದು ಸ್ವಾರಸ್ಯಕರ. 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿ ಮಾರ್ಸೆಲ್ ಜಾಂಬೊನ್ ಎಂಬ ವೈದ್ಯರು ವಿಷಮಶೀತ ಜ್ವರದ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧಿ ಕೊಟ್ಟರು. ಕೆಲವರಿಗೆ ಸೆಳವು ಬಂತು, ಪ್ರಜ್ಞೆ ತಪ್ಪಿತು. ರಕ್ತದ ಸಕ್ಕರೆ ಇಳಿದದ್ದೇ ಇದಕ್ಕೆ ಕಾರಣ. ಅದೇ ಊರಿನ ವಿಜ್ಞಾನಿ ಆಗಸ್ಟ್ ಲುಬತಿಯೇರ್ ಇದರ ಜಾಡು ಹಿಡಿದು, ಔಷಧಿಯು ಮೇದೋಜೀರಕ ಗ್ರಂಥಿಯನ್ನು ಕೆರಳಿಸುತ್ತದೆ ಎಂದು ತೋರಿಸಿದರು. ಒಂದು ರೋಗದಲ್ಲಿ ಅಡ್ಡಪರಿಣಾಮವಾದದ್ದು ಇನ್ನೊಂದು ರೋಗಕ್ಕೆ ಮದ್ದಾಯಿತು. ಅಡ್ಡಪರಿಣಾಮ ಮಾತ್ರ ಜೊತೆಗೇ ಉಳಿಯಿತು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಈ ಕುಸಿತ ಅಪರೂಪ.

ಗುರುತಿಸುವುದು ಹೇಗೆ?

ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಅದನ್ನು ಹೈಪೊಗ್ಲೈಸೀಮಿಯ ಎನ್ನುತ್ತಾರೆ. 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಅಂಕಿ ಎಷ್ಟೇ ಇರಲಿ, ಇನ್ನೊಬ್ಬರು ಬಂದು ನೋಡಿಕೊಳ್ಳಬೇಕಾದ ಸ್ಥಿತಿ ಬಂದರೆ ಅದು ಅತಿ ಗಂಭೀರ.

ಲಕ್ಷಣಗಳು ಎರಡು ಅಲೆಗಳಲ್ಲಿ ಬರುತ್ತವೆ. ಮೊದಲನೆಯದು ದೇಹ ಬಾರಿಸುವ ಎಚ್ಚರಿಕೆಯ ಗಂಟೆ: ಅಡ್ರಿನಲಿನ್ ಹೆಚ್ಚಿ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ತಣ್ಣನೆಯ ಬೆವರು ಕಿತ್ತುಬರುತ್ತದೆ, ತಡೆಯಲಾಗದ ಹಸಿವು, ಏನೋ ದಿಗಿಲು. ಎರಡನೆಯದು ಮಿದುಳಿನ ಕಂಗಾಲು: ಕಣ್ಣು ಮಂಜು, ತೊದಲು, ಗೊಂದಲ, ಸಿಟ್ಟು, ಅಳು, ತೂರಾಡುವ ನಡಿಗೆ, ಕೊನೆಗೆ ಸೆಳವು ಅಥವಾ ಪ್ರಜ್ಞೆ ತಪ್ಪುವುದು. ಮೊದಲ ಅಲೆಯಲ್ಲಿ ರೋಗಿಯೇ ತನಗೆ ತಾನು ಸಹಾಯ ಮಾಡಿಕೊಳ್ಳಬಲ್ಲ. ಎರಡನೆಯದರಲ್ಲಿ ಆ ಬುದ್ಧಿಯೇ ಕೈಕೊಟ್ಟಿರುತ್ತದೆ. 'ನನಗೇನೂ ಆಗಿಲ್ಲ, ಬಿಡಿ' ಎಂದು ಕೊಟ್ಟ ಸಕ್ಕರೆಯನ್ನು ತಳ್ಳುವವರೂ ಉಂಟು. ಆದ್ದರಿಂದ ಈ ಲಕ್ಷಣಗಳನ್ನು ಮನೆಯವರು, ಜೊತೆಗೆ ದುಡಿಯುವವರು ಕಲಿಯಬೇಕು. ಕುಡಿದಿದ್ದಾರೆ, ಗಾಳಿ ಸೋಕಿದೆ, ಲಕ್ವ ಹೊಡೆದಿದೆ ಎಂಬ ಮಾತುಗಳ ಹಿಂದೆ ಇಳಿದ ಸಕ್ಕರೆ ಇರಬಹುದು. ಒಂದು ಪಕ್ಕದ ಕೈಕಾಲು ಸೋತಂತೆ ಆಗುವುದೂ ಇದರಲ್ಲಿ ಉಂಟು. ಲಕ್ವ ಎಂದು ಬಂದ ಮಧುಮೇಹಿಗೆ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡುವುದು ಅದಕ್ಕಾಗಿಯೇ.

ಗಂಟೆ ಬಾರಿಸದೆಯೂ ಕುಸಿತ ಬರಬಹುದು. ಪದೇ ಪದೇ ಸಕ್ಕರೆ ಇಳಿಯುತ್ತಿದ್ದರೆ ದೇಹ ಅದಕ್ಕೆ ಒಗ್ಗಿಕೊಂಡು ಎಚ್ಚರಿಸುವುದನ್ನೇ ಬಿಡುತ್ತದೆ. ನೇರವಾಗಿ ಎರಡನೆಯ ಅಲೆ. ಕೆಲವು ವಾರ ಕುಸಿತವಾಗದಂತೆ ನೋಡಿಕೊಂಡರೆ ಎಚ್ಚರ ಬಹುಮಟ್ಟಿಗೆ ಮರಳುತ್ತದೆ. ರಕ್ತದೊತ್ತಡಕ್ಕೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎದೆಬಡಿತ, ನಡುಕ ಕಾಣದೆ ಹೋಗಬಹುದು. ಬೆವರು ಮಾತ್ರ ಮರೆಯಾಗುವುದಿಲ್ಲ, ಏಕೆಂದರೆ ಅದನ್ನು ನಡೆಸುವ ನರವ್ಯವಸ್ಥೆ ಬೇರೆ. ರಾತ್ರಿ ನಿದ್ದೆಯಲ್ಲಿ ಇಳಿದರೆ ಒದ್ದೆಯಾದ ದಿಂಬು, ಕೆಟ್ಟ ಕನಸು, ಬೆಳಿಗ್ಗೆ ಎದ್ದಾಗ ತಲೆನೋವು ಸುಳಿವು ಕೊಡುತ್ತವೆ.

ಕೊಡಬೇಕಾದ್ದು ಏನು?

ಅನುಮಾನ ಬಂದೊಡನೆ, ಸಾಧ್ಯವಿದ್ದರೆ ಗ್ಲೂಕೋಮೀಟರಿನಲ್ಲಿ ನೋಡಿ. ಯಂತ್ರ ಹತ್ತಿರವಿಲ್ಲವೆ? ಹುಡುಕುತ್ತಾ ಹೊತ್ತು ಕಳೆಯಬೇಡಿ. ಇಳಿದಿದೆ ಎಂದೇ ಭಾವಿಸಿ. 'ಶುಗರ್ ಇರುವವರಿಗೆ ಸಕ್ಕರೆ ಕೊಡುವುದೆ?' ಎಂಬ ಅಳುಕು ಇಲ್ಲಿ ಬೇಡ. ಸಕ್ಕರೆ ಹೆಚ್ಚಿದ್ದಾಗ ಇನ್ನು ಮೂರು ಚಮಚ ಸೇರಿದರೆ ಆಗುವ ನಷ್ಟ ಅಲ್ಪ. ಇಳಿದಿದ್ದಾಗ ಕೊಡದಿದ್ದರೆ ಆಗುವ ನಷ್ಟ ತುಂಬಲಾರದ್ದು.

ರೋಗಿಗೆ ಎಚ್ಚರವಿದ್ದು ನುಂಗಬಲ್ಲವರಾಗಿದ್ದರೆ ಬೇಗ ರಕ್ತ ಸೇರುವ 15 ಗ್ರಾಮ್ ಸಕ್ಕರೆ ಕೊಡಿ. ಮೂರು ಚಮಚ ಗ್ಲೂಕೋಸ್ ಪುಡಿ ಅಥವಾ ಮೂರು-ನಾಲ್ಕು ಚಿಕ್ಕ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬಹುದು. ಇಲ್ಲವೇ ಸುಮಾರು 150 ಮಿಲಿಲೀಟರ್ ಸಿಹಿ ತಂಪುಪಾನೀಯ. ಸಕ್ಕರೆಯಿಲ್ಲದ 'ಡಯಟ್' ಬಗೆಯದ್ದಲ್ಲ. ಹದಿನೈದು ನಿಮಿಷ ಕಾದು ಮತ್ತೆ ನೋಡಿ. 70 ದಾಟದಿದ್ದರೆ, ಅಥವಾ ಲಕ್ಷಣಗಳು ಹೋಗದಿದ್ದರೆ, ಇನ್ನೊಮ್ಮೆ ಅಷ್ಟೇ ಕೊಡಿ. ಚೇತರಿಸಿಕೊಂಡ ಮೇಲೆ ಊಟ. ಊಟಕ್ಕೆ ತಡವಿದ್ದರೆ ಬಿಸ್ಕತ್ತು, ಬಾಳೆಹಣ್ಣು, ಅರ್ಧ ಮುದ್ದೆ, ಏನಾದರೂ ಸರಿ. ಮುದ್ದೆಯನ್ನೇ ಮೊದಲು ಕೊಡುವುದು ತಪ್ಪು: ಅದರ ಪಿಷ್ಟ ನಿಧಾನವಾಗಿ ಜೀರ್ಣವಾಗುತ್ತದೆ, ಈಗ ಅಷ್ಟು ಸಮಯವಿಲ್ಲ.

ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆಯನ್ನೂ ಸೇರಿಸಿ ನುಂಗುವವರು ಒಂದು ಮಾತು ನೆನಪಿಡಬೇಕು. ನಾವು ಬಳಸುವ ಸಕ್ಕರೆ ಸುಕ್ರೋಸ್. ಅದು ಕರುಳಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದ ಮೇಲಷ್ಟೆ ರಕ್ತ ಸೇರುವುದು. ಈ ಮಾತ್ರೆಗಳ ಕೆಲಸವೇ ಆ ಒಡೆಯುವಿಕೆಯನ್ನು ತಡೆಯುವುದು. ಅಂಥವರಿಗೆ ಸಕ್ಕರೆಗಿಂತ ಗ್ಲೂಕೋಸ್ ಪುಡಿಯೇ ಬೇಕು.

ಎಳನೀರು, ಕೊಬ್ಬರಿ, ಬೆಲ್ಲ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಎಳನೀರಿನಲ್ಲಿ ಸಕ್ಕರೆ ಇದೆ, ಹೆಚ್ಚಿನ ಪಾಲು ಗ್ಲೂಕೋಸ್, ಫ್ರಕ್ಟೋಸ್ ರೂಪದಲ್ಲೇ ಇದೆ. ಆದರೆ ತೆಳುವಾಗಿದೆ: 100 ಮಿಲಿಲೀಟರಿಗೆ ಎರಡೂವರೆಯಿಂದ ಐದು ಗ್ರಾಮ್. ತಳಿ, ಮಣ್ಣು, ಎಲ್ಲಕ್ಕಿಂತ ಹೆಚ್ಚಾಗಿ ಕಾಯಿಯ ಪ್ರಾಯವನ್ನು ನೋಡಿ ಇದು ಬದಲಾಗುತ್ತದೆ. ಆರು-ಏಳು ತಿಂಗಳ ಕಾಯಲ್ಲಿ ಸಿಹಿ ಹೆಚ್ಚು, ಬಲಿತಂತೆ ಇಳಿಯುತ್ತದೆ. 15 ಗ್ರಾಮ್ ಬೇಕೆಂದರೆ 300ರಿಂದ 600 ಮಿಲಿಲೀಟರ್ ಕುಡಿಯಬೇಕು. ಒಂದು ಕಾಯಿ ಸಾಕಾಗಬಹುದು, ಎರಡೂ ಸಾಲದಿರಬಹುದು. ಬೆವರುತ್ತಾ ತೊದಲುತ್ತಿರುವವರ ಎದುರು ಈ ಲೆಕ್ಕ ಹಾಕುವುದು ಹೇಗೆ? ಬೇರೇನೂ ಸಿಗದಿದ್ದರೆ ಎಳನೀರು ಖಂಡಿತ ಕೊಡಿ. ಅದರಲ್ಲೇ ಮೂರು ಚಮಚ ಸಕ್ಕರೆ ಕದಡಿ ಕೊಟ್ಟರೆ ಇನ್ನೂ ಸರಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡ ಸೋತವರಿಗೆ ಅದು ಬೇಡ.

ಕೊಬ್ಬರಿಯ ಕಥೆ ಬೇರೆ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎಣ್ಣೆ. ಕೊಬ್ಬು ಹೊಟ್ಟೆ ಸೇರಿದರೆ ಜಠರ ತನ್ನಲ್ಲಿರುವುದನ್ನು ಕರುಳಿಗೆ ಬಿಡುವುದು ತಡವಾಗುತ್ತದೆ. ಕೊಬ್ಬರಿ-ಬೆಲ್ಲ, ಕೊಬ್ಬರಿ ಮಿಠಾಯಿ, ಚಾಕೊಲೇಟುಗಳಲ್ಲಿ ಸಿಹಿ ಎಷ್ಟಿದ್ದರೂ ಅದು ರಕ್ತ ತಲಪುವುದು ನಿಧಾನ. ಬೆಲ್ಲ ಒಂದೇ ಆದರೆ ಅಡ್ಡಿಯಿಲ್ಲ. ಅದೂ ಬಹುಪಾಲು ಸುಕ್ರೋಸೇ. ಜಜ್ಜಿ ನೀರಿನಲ್ಲಿ ಕರಗಿಸಿ ಕೊಡಬಹುದು. ಅಚ್ಚಿನ ತುಂಡನ್ನೇ ಬಾಯಿಗಿಟ್ಟರೆ ಗೊಂದಲದಲ್ಲಿರುವವರು ಅಗಿಯದೆ ಗಂಟಲಿಗೆ ಸಿಕ್ಕಿಸಿಕೊಳ್ಳಬಹುದು.

ಪ್ರಜ್ಞೆ ತಪ್ಪಿದ್ದರೆ

ಬಾಯಿಗೆ ಏನನ್ನೂ ಹಾಕಬೇಡಿ. ಸಕ್ಕರೆ ನೀರು, ಎಳನೀರು, ಕಾಫಿ, ಯಾವುದೂ ಬೇಡ. ನುಂಗುವ ಶಕ್ತಿಯಿಲ್ಲದವರ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ. ಹತ್ತಿರದಲ್ಲಿ ಬೇರೆ ವಾಹನವಿದ್ದರೆ ಅದರಲ್ಲೇ ಹೊರಡಿ. ಮಧುಮೇಹಿ ಎಂಬುದನ್ನು ಮೊದಲ ಮಾತಿನಲ್ಲೇ ತಿಳಿಸಿ, ಮಾತ್ರೆಯ ಚೀಟಿ ಜೊತೆಗಿರಲಿ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಗ್ಲೂಕೋಸ್ ಏರಿಸಿದಾಗ ರೋಗಿ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕಣ್ಣು ಬಿಡುತ್ತಾರೆ.

ಆಗಲೇ ಇನ್ನೊಂದು ತಪ್ಪು ನಡೆಯುವುದು. 'ಎಚ್ಚರವಾಯಿತಲ್ಲ, ಹಸು ಕರೆಯಬೇಕು, ಹೋಗೋಣ' ಎಂದು ಮನೆಗೆ ಕರೆತರುತ್ತಾರೆ. ಸಲ್ಫೊನೈಲ್‌ಯೂರಿಯ ಮಾತ್ರೆಯಿಂದಾದ ಕುಸಿತ ಗಂಟೆಗಳ ನಂತರ ಮರುಕಳಿಸುತ್ತದೆ. ಗ್ಲೈಬೆನ್‌ಕ್ಲಮೈಡಿನ ಪ್ರಭಾವ ಒಂದು ದಿನವಿಡೀ ಇರಬಲ್ಲದು. ಮೂತ್ರಪಿಂಡ ದುರ್ಬಲವಾಗಿರುವ ವೃದ್ಧರಲ್ಲಿ ಅದಕ್ಕೂ ಹೆಚ್ಚು. ವೈದ್ಯರು ಉಳಿಯಲು ಹೇಳಿದರೆ ಉಳಿಯಿರಿ.

ಯಾಕೆ ಇಳಿಯಿತು?

ಊಟ ತಪ್ಪಿದ್ದು, ಏಕಾದಶಿ ಅಥವಾ ಶಿವರಾತ್ರಿಯ ಉಪವಾಸ, ಎಂದಿಗಿಂತ ಹೆಚ್ಚಿನ ಮೈಗೆಲಸ, ಭೇದಿ: ಸಾಮಾನ್ಯ ಕಾರಣಗಳಿವು. ದುಡಿದ ಸ್ನಾಯುಗಳು ಗಂಟೆಗಟ್ಟಲೆ ಆದಮೇಲೂ ಸಕ್ಕರೆ ಎಳೆದುಕೊಳ್ಳುತ್ತಿರುತ್ತವೆ. ಹಗಲೆಲ್ಲ ಪಾತಿ ಅಗೆದವರಿಗೆ ಕುಸಿತ ರಾತ್ರಿ ಬರಬಹುದು. ಮದ್ಯ ಇನ್ನೂ ಕೆಟ್ಟದ್ದು, ಯಕೃತ್ತು ಹೊಸದಾಗಿ ಸಕ್ಕರೆ ತಯಾರಿಸುವುದನ್ನೇ ಅದು ತಡೆಯುತ್ತದೆ. ಮೇಲಾಗಿ ಬಾಯಿಂದ ವಾಸನೆ ಬಂದರೆ ಯಾರೂ ಬೇರೆ ಕಾರಣ ಹುಡುಕುವುದಿಲ್ಲ.

ನಮ್ಮ ದೇಶಕ್ಕೆ ವಿಶೇಷವಾದ ಒಂದು ಅಪಾಯ ಸಿರಿಂಜಿನದು. ಇಲ್ಲಿ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ: ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್. ಸಿರಿಂಜುಗಳೂ ಎರಡು: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 100ರ ಇನ್ಸುಲಿನ್ನನ್ನು 20ರ ಗುರುತಿಗೆ ಎಳೆದರೆ ದೇಹ ಸೇರುವುದು 50 ಯೂನಿಟ್, ಎರಡೂವರೆ ಪಟ್ಟು! ಪ್ರತಿಸಲ ಕೊಳ್ಳುವಾಗಲೂ ಶೀಶೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಅಂಕಿಯನ್ನೂ ಅಕ್ಕಪಕ್ಕ ಹಿಡಿದು ನೋಡಿ.

ಒಮ್ಮೆ ಸಕ್ಕರೆ ಇಳಿದರೆ, ತಾನಾಗಿ ಸರಿಹೋದರೂ, ವೈದ್ಯರಿಗೆ ಹೇಳಿ. ಪ್ರಮಾಣ ತಗ್ಗಿಸಬೇಕಾಗಬಹುದು ಅಥವಾ ಮಾತ್ರೆ ಬದಲಿಸಬೇಕಾಗಬಹುದು. ಹೆದರಿ ನೀವೇ ಔಷಧಿ ನಿಲ್ಲಿಸಬೇಡಿ.

ಸಂತೆಗೆ, ತೋಟಕ್ಕೆ, ಜಾತ್ರೆಗೆ ಹೋಗುವಾಗ ಅಂಗಿಯ ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣವಿರಲಿ. ಅದು ಎಲ್ಲಿದೆ ಎಂಬುದು ಜೊತೆಯವರಿಗೂ ಗೊತ್ತಿರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ತೆಂಗಿನ ಮರ ಹತ್ತುವುದಾದರೆ, ಬೈಕ್ ಅಥವಾ ಟ್ರ್ಯಾಕ್ಟರ್ ಓಡಿಸುವುದಾದರೆ ಮೊದಲು ಏನಾದರೂ ತಿಂದು, ಆದರೆ ಸಕ್ಕರೆ ನೋಡಿಕೊಂಡು ಹೊರಡಬೇಕು. ಕೆಲಸದ ನಡುವೆ ಬೆವರು, ನಡುಕ ಶುರುವಾದರೆ ಒಡನೆ ಕೆಳಗಿಳಿದು ಪೊಟ್ಟಣ ಬಿಚ್ಚಿ. ಮೀಟರಿನ ಅಂಕಿ ಬೇಗ ಮೇಲೇರಿದರೂ ಮಿದುಳು ಪೂರ್ತಿ ಚುರುಕಾಗಲು ಇನ್ನೂ ಮುಕ್ಕಾಲು ಗಂಟೆ ಹಿಡಿಯಬಹುದು. ಅಲ್ಲಿಯವರೆಗೆ ಉಳಿದ ಗೊನೆಗಳು ಮರದ ಮೇಲೇ ಇರಲಿ.